ಅತ್ತೆಯ ತಕ್ಕಡಿ

ನಮ್ಮ ಅತ್ತೆ ಸೀಸ ಕರಗಿಸುವ ದಿನ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿರುತ್ತಾರೆ. ಎದುರು ಮನೆಯವರು ಕಾರು ತೊಳೆಯುತ್ತ ಒಮ್ಮೆ ಇತ್ತ ನೋಡಿ ಕೈ ಬೀಸಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಇಂಗ್ಲೆಂಡಿನ ಈ ಸೊಲಿಹಲ್‌ನಲ್ಲಿ ಗ್ಯಾರೇಜಿನೊಳಗೆ ಯಾರು ಏನು ಮಾಡುತ್ತಾರೆ ಎಂದು ಯಾರೂ ಹೆಚ್ಚು ಕೇಳುವುದಿಲ್ಲ. ಅತ್ತೆ ಚರ್ಮದ ಏಪ್ರನ್ ಕಟ್ಟಿ, ಮೊಣಕೈವರೆಗಿನ ಕೈಗವಸು ಹಾಕಿ, ದಪ್ಪ ಕನ್ನಡಕ ಏರಿಸಿ, ಕರೆಂಟಿನ ಸಣ್ಣ ಪಾತ್ರೆಯ ಮುಂದೆ ನಿಲ್ಲುತ್ತಾರೆ. ಸೀಸ ಮೊದಲು ಕುಸಿಯುತ್ತದೆ, ಆಮೇಲೆ ಹೊಳೆಯುತ್ತದೆ. ಮೇಲೆ ತೇಲುವ ಕಿಟ್ಟವನ್ನು ಸೌಟಿನಲ್ಲಿ ಬಳಿದು ತೆಗೆದು, ಕಬ್ಬಿಣದ ಅಚ್ಚಿಗೆ ಒಂದೇ ಧಾರೆಯಲ್ಲಿ ಹೊಯ್ಯುತ್ತಾರೆ. ಹೊಯ್ದ ಬಾಯಿಯ ಹೊಳಪು ಮಂಕಾಗುವವರೆಗೆ ಕಾಯುತ್ತಾರೆ. ಮರದ ಕೋಲಿನಿಂದ ಒಂದು ಪೆಟ್ಟು. ಮಡಿಸಿದ ಹಳೆಯ ಟವೆಲ್ ಮೇಲೆ ರೈಫಲ್ಲಿನ ಗುಂಡು ಉರುಳುತ್ತದೆ, ಬೆಳ್ಳಿಯ ಬಣ್ಣದ್ದು, ಮುಟ್ಟಬಾರದಷ್ಟು ಬಿಸಿ.

ಪ್ರತಿಯೊಂದನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಎಲ್ಲಾದರೂ ಸುಕ್ಕು ಕಂಡರೆ ಅದು ಮತ್ತೆ ಪಾತ್ರೆಗೆ.

"ಅತ್ತೆ, ಅದು ಚೆನ್ನಾಗೇ ಇತ್ತಲ್ಲ," ಎಂದು ನಾನು ಮೊದಮೊದಲು ಕೇಳುತ್ತಿದ್ದೆ.

"ನಿಂಗೆ ಚೆನ್ನಾಗಿ ಕಾಣ್ಸುತ್ತೆ. ಗಾಳಿಗೆ ಹಾಗೆ ಕಾಣ್ಸಲ್ಲ," ಎನ್ನುತ್ತಿದ್ದರು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ಡಾಕ್ಟರ್ ದಾಕ್ಷಾಯಣಿ. ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಬರ್ಮಿಂಗ್‌ಹ್ಯಾಮ್‌ನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಬಂದೂಕು ಹಿಡಿದದ್ದು ಊರಲ್ಲಲ್ಲ, ಈ ದೇಶಕ್ಕೆ ಬಂದ ಮೇಲೆ. ತರಬೇತಿಗೆ ಲೀಡ್ಸ್‌ನಲ್ಲಿದ್ದಾಗ ಅಲ್ಲಿನ ಒಬ್ಬ ಮುದುಕ ಸರ್ಜನ್ ಇವರನ್ನು ಭಾನುವಾರಗಳಂದು ಗುರಿ ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಆಪರೇಷನ್ ಟೇಬಲ್ಲಿನ ಆ ಬದಿಯಲ್ಲಿ ಅವರು, ಈ ಬದಿಯಲ್ಲಿ ಇವರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಕೇಳಿದ್ದಕ್ಕೆ ಅತ್ತೆ ಅವರ ರೈಫಲ್ಲನ್ನು ಪರವಾನಗಿ ಬದಲಾಯಿಸಿಕೊಂಡು ತಂದರು. ಅತ್ತೆಯ ಹತ್ತಿರ ಇರುವುದು ಅದೊಂದೇ. ನಳಿಗೆ ತೀರ ಸಣ್ಣದೂ ಅಲ್ಲ, ಆನೆ ಹೊಡೆಯುವಷ್ಟು ದೊಡ್ಡದೂ ಅಲ್ಲ. ಅದರೊಳಗೆ ಒಂದು ಪೆನ್ಸಿಲ್ ಸಡಿಲವಾಗಿ ಜಾರುತ್ತದೆ. ಅದಕ್ಕೆ ಹೊಂದುವ ತೋಟಾಗಳನ್ನು ಯಾವ ಅಂಗಡಿಯೂ ಈಗ ಮಾರುವುದಿಲ್ಲ. ಆದ್ದರಿಂದ ಅತ್ತೆ ತಾವೇ ತುಂಬುತ್ತಾರೆ.

ನಾನು ಹದಿಮೂರು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಲಫ್‌ಬರೋಗೆ ಬಂದವಳು. ಅಪ್ಪ ಅಲ್ಲಿನ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ. ಓದು ನನಗೆ ಹಿಡಿಸಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಮಾತಾಡಬೇಕಾದ ದಿನ ಬೆಳಗ್ಗೆಯೇ ಹೊಟ್ಟೆ ನೋವು ಬರುತ್ತಿತ್ತು. ಹದಿನಾರಕ್ಕೆ ಶಾಲೆ ಬಿಟ್ಟು ಹೊಲಿಗೆ ಕಲಿತೆ. ಈಗ ಶರ್ಲಿಯ ಒಂದು ಅಂಗಡಿಯಲ್ಲಿ ಬಟ್ಟೆ ಸರಿಪಡಿಸುತ್ತೇನೆ: ಪ್ಯಾಂಟಿನ ಉದ್ದ, ಮದುವೆ ಗೌನಿನ ಸೊಂಟ, ಪರದೆಯ ಅಂಚು. ಅಲ್ಲಿಗೆ ಹತ್ತಿರವೆಂದು ಅತ್ತೆಯ ಮನೆಯಲ್ಲಿದ್ದೇನೆ. ನಮ್ಮವರು ಸೇರುವ ಕಡೆ ಎಲ್ಲರ ಮಕ್ಕಳೂ ಮೆಡಿಸಿನ್, ಇಲ್ಲವೇ ಲಾ ಓದುತ್ತಿರುತ್ತಾರೆ. "ನೀನೇನಮ್ಮ ಓದ್ತಿರೋದು?" ಎಂದು ಯಾರಾದರೂ ಕೇಳಿದರೆ ಅತ್ತೆಯೇ ಮುಂದೆ ಬಂದು, "ಅವಳ ಓದು ಮುಗೀತು. ಅವಳು ದುಡೀತಾಳೆ," ಎನ್ನುತ್ತಾರೆ. ಆಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಅತ್ತೆ ತುಂಬುವ ತೋಟಾಗಳಲ್ಲಿ ಎರಡು ಬಗೆ. ಮನೆಯಲ್ಲೇ ಎರಕ ಹೊಯ್ದ ಸೀಸದ ಗುಂಡಿನವು ಮೈದಾನದಲ್ಲಿ ಕಾಗದಕ್ಕೆ ಹೊಡೆಯಲು. ಅದಕ್ಕೆ ಮದ್ದು ಕಡಿಮೆ, ಒದೆತವೂ ಕಡಿಮೆ. ಜಿಂಕೆಗೆ ಮಾತ್ರ ತಾಮ್ರದ ಹೊದಿಕೆ ಇರುವ, ಒಳಗೆ ಹೊಕ್ಕ ಕೂಡಲೇ ಅರಳುವ ಗುಂಡೇ ಬೇಕು. ಪ್ರಾಣಿ ನರಳಬಾರದು ಎಂದು ಕಾನೂನೂ ಹಾಗೇ ಹೇಳುತ್ತದೆ. ಆ ಗುಂಡನ್ನು ಅಂಗಡಿಯಿಂದ ತರುತ್ತಾರೆ. ಅದರ ಹಿಂದೆ ಮದ್ದು ಹೆಚ್ಚು. ಆದ್ದರಿಂದ ಅಳತೆಯಲ್ಲಿ ತಪ್ಪಿಗೆ ಜಾಗ ಕಡಿಮೆ. ಹಳೆಯ ರೈಫಲ್, ಹಳೆಯ ಉಕ್ಕು. ಮದ್ದು ಮಿತಿ ಮೀರಿದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಕೊಂಡಿ ಒಡೆದು ಹೊಡೆದವರ ಮುಖಕ್ಕೇ ಬರಬಹುದು.

ಅದಕ್ಕೇ ಗ್ಯಾರೇಜಿನಲ್ಲಿ ಅವರದೇ ಕಟ್ಟಳೆಗಳು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ. ಕಾಫಿ ಒಳಗೆ ಬರಕೂಡದು. ಫೋನ್ ಹೊರಗೆ. ಕೊನೆಯದು, ನನಗೆ ತುಂಬ ಇಷ್ಟವಾದದ್ದು: ಎರಡನೇ ಕಣ್ಣು. ಆಸ್ಪತ್ರೆಯಲ್ಲಿ ಅತ್ತೆ ಸಿರಿಂಜಿಗೆ ಔಷಧಿ ಎಳೆದರೆ ಇನ್ನೊಬ್ಬರು ನೋಡಿ ಹೂಂ ಅನ್ನಬೇಕು. ಅವರು ನಿನ್ನೆ ಸೇರಿದ ನರ್ಸ್ ಆದರೂ ಸರಿ. ಅವರು ಬೇಡ ಅಂದರೆ ಆ ಸಿರಿಂಜು ಪಕ್ಕಕ್ಕೆ. ಆ ಪದ್ಧತಿಯನ್ನು ಅತ್ತೆ ಹಾಗೇ ಮನೆಗೆ ತಂದಿದ್ದರು. ತೋಟಾಗಳ ಖಾಲಿ ಹಿತ್ತಾಳೆಯ ಕೊಳವೆಗಳನ್ನು ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ ಮದ್ದು ಹಾಕಿ ಮುಗಿಸಿದ ಮೇಲೆ, ಮೇಲೆ ಗುಂಡು ಕೂರಿಸುವ ಮೊದಲು ಕುರ್ಚಿ ಹಿಂದಕ್ಕೆ ತಳ್ಳಿ ನನ್ನ ಕೈಗೆ ಟಾರ್ಚ್ ಕೊಡುತ್ತಾರೆ. ನಾನು ಏನನ್ನೂ ಮುಟ್ಟುವುದಿಲ್ಲ, ಮುಟ್ಟುವ ಪರವಾನಗಿ ನನಗಿಲ್ಲ. ಬಗ್ಗಿ ಒಂದೊಂದರ ಬಾಯೊಳಗೂ ನೋಡುತ್ತೇನೆ. ಯಾವುದರಲ್ಲೂ ಮದ್ದು ಹೆಚ್ಚಿಲ್ಲ, ಯಾವುದೂ ಖಾಲಿಯಿಲ್ಲ ಎಂದಾದರೆ "ಹೂಂ" ಅನ್ನುತ್ತೇನೆ. ಅಷ್ಟು ಹೊತ್ತೂ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಾರೆ.

ಈ ಸಲದ ಅಕ್ಟೋಬರ್ ಬಂದಾಗ ಆ ರೈಫಲ್ ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಯೂ ಬಂದಿತ್ತು. ಪರವಾನಗಿಯಲ್ಲಿ ಅದನ್ನು ಜಿಂಕೆಗೆಂದು ಕೊಟ್ಟಿದ್ದರು. ಆದರೆ ಆಸ್ಪತ್ರೆಯ ಪಾಳಿಗಳ ನಡುವೆ ಅತ್ತೆ ಕಾಡಿಗೆ ಹೋಗಿ ವರ್ಷಗಳೇ ಆಗಿದ್ದವು. ಹೋದ ಸಲ ನವೀಕರಣಕ್ಕೆ ಮನೆಗೆ ಬಂದಿದ್ದ ಪೊಲೀಸ್ ಇಲಾಖೆಯವರು, ಮುಂದಿನ ಸಲದೊಳಗೆ ಇದನ್ನು ಬಳಸಿರದಿದ್ದರೆ ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು. ಆ ಮುಂದಿನ ಸಲ ನವೆಂಬರ್‌ನಲ್ಲಿತ್ತು. ಶ್ರಾಪ್‌ಶೈರ್‌ನಲ್ಲಿ ಒಂದು ಕಾಡು ನೋಡಿಕೊಳ್ಳುವ ಕೀತ್ ಎಂಬುವರು ಅತ್ತೆಗೆ ಹಳೆಯ ಪರಿಚಯ. ಅವರು ಒಂದು ಶನಿವಾರದ ಬೆಳಗನ್ನು ಕೊಟ್ಟಿದ್ದರು. ಹೊಸ ಸಸಿಗಳನ್ನು ಮೇಯುವ ಜಿಂಕೆಗಳಲ್ಲಿ ಒಂದು ಗಂಡನ್ನು ಹೊಡೆದು ತೆಗೆಯಬೇಕಿತ್ತು. ಅದಾದ ಮೇಲೆ ಆ ಕಾಡಿನಲ್ಲಿ ಮರ ಕಡಿಯುವವರು ಬರುತ್ತಾರೆ, ಬೇರೆ ದಿನವಿಲ್ಲ ಎಂದೂ ಹೇಳಿದ್ದರು.

ಆ ವಾರವೇ ಆಯುಧಪೂಜೆ ಬಿತ್ತು.

ಪೂಜೆ ನಮ್ಮ ಮಾಮನದು. ಅತ್ತೆಯ ಗಂಡ ದಿವಾಕರ ಮಾಮ ಇಲ್ಲಿನ ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಮಾತಿನ ಮನುಷ್ಯ. ಅಂದು ಅತ್ತೆ ಡ್ಯೂಟಿಯಲ್ಲಿದ್ದರು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮಾಮ ಪಂಚೆ ಉಟ್ಟು, ಮೇಲೆ ಸ್ವೆಟರ್ ಹಾಕಿ, ಬೆಳ್ಳಿಯ ಬಟ್ಟಲಲ್ಲಿ ಗಂಧ ತೇಯ್ದು ಗಟ್ಟಿಯಾಗಿ ಕಲಸಿಕೊಂಡು ಮನೆಯಿಡೀ ಓಡಾಡುತ್ತಿದ್ದರು. ಎರಡು ಕಾರು, ಹುಲ್ಲು ಕತ್ತರಿಸುವ ಮಷೀನು, ಲ್ಯಾಪ್‌ಟಾಪು, ಮಿಕ್ಸಿ, ನನ್ನ ಹೊಲಿಗೆ ಮಷೀನು, ಎಲ್ಲಕ್ಕೂ ಗಂಧ, ಗಂಧದ ಮೇಲೆ ಕುಂಕುಮ ಆಗಿತ್ತು. ಗ್ಯಾರೇಜಿನ ಒಳಬಾಗಿಲೂ ತೆರೆದಿತ್ತು.

"ಮಾಮ, ಅತ್ತೆ ಮೇಜು," ಎಂದೆ.

"ಗೊತ್ತು ಕಣೇ. ಮುಟ್ಟಿದ್ರೆ ನಿಮ್ಮತ್ತೆ ನಂಗೇ ಇಂಜೆಕ್ಷನ್ ಕೊಟ್ಟು ಮಲಗಿಸ್ತಾಳೆ. ಆದ್ರೂ ವರ್ಷಾ ವರ್ಷ ಅವಳ ಸಾಮಾನು ಮಾತ್ರ ಅನಾಥವಾಗಿ ಕೂತಿರುತ್ತೆ, ನೋಡಕ್ಕಾಗಲ್ಲ. ಈ ಸಲ ಕಾಡಿಗೆ ಬೇರೆ ಹೋಗ್ತಿದಾಳೆ."

"ರೈಫಲ್‌ಗೂ ಇಟ್ರಾ?"

"ಅದರ ಬೀರು ಬೀಗದ ಕೈ ಎಲ್ಲಿಟ್ಟಿದಾಳೆ ಅಂತ ಇಷ್ಟು ವರ್ಷ ಸಂಸಾರ ಮಾಡಿದ್ರೂ ನಂಗೊತ್ತಿಲ್ಲ. ಗೊತ್ತಿರಬಾರ್ದು ಅಂತ ಕಾನೂನಂತೆ. ಹೊರಗಿರೋದಕ್ಕಷ್ಟೇ ಇಟ್ಟೆ."

ಹೊರಗಿದ್ದವು ಗುಂಡು ಕೂರಿಸಲು ಕೈಯಿಂದ ಒತ್ತುವ ಯಂತ್ರ, ಎರಕದ ಅಚ್ಚುಗಳು, ಮತ್ತು ತಕ್ಕಡಿ. ಅದು ಅಂಗಡಿಯ ತಕ್ಕಡಿಯಂತಲ್ಲ. ಒಂದು ತುದಿಯಲ್ಲಿ ಮದ್ದಿನ ತಟ್ಟೆ, ಇನ್ನೊಂದು ಕಡೆ ಗೀರುಗಳಿರುವ ಉದ್ದ ದಂಡ. ದಂಡದ ಮೇಲೆ ಜರುಗುವ ಒಂದು ಬಿಲ್ಲೆ. ಬಿಲ್ಲೆಯನ್ನು ಬೇಕಾದ ಗೀರಿಗೆ ಜರುಗಿಸಿ, ದಂಡ ಸಮವಾಗುವವರೆಗೆ ತಟ್ಟೆಗೆ ಮದ್ದು ಉದುರಿಸಬೇಕು. ಪಕ್ಕದ ಪುಟ್ಟ ಡಬ್ಬಿಯಲ್ಲಿ, ತಕ್ಕಡಿ ಸರಿಯಿದೆಯೇ ಎಂದು ನೋಡಲು ಇಟ್ಟುಕೊಂಡ ಹಿತ್ತಾಳೆಯ ತೂಕದ ಕಲ್ಲು. ಮಾಮ ಎಲ್ಲಕ್ಕೂ ಚೆಂದವಾಗಿ, ಒಂದೇ ಅಳತೆಯಲ್ಲಿ ಬೊಟ್ಟಿಟ್ಟಿದ್ದರು.

ಅತ್ತೆ ಬಂದದ್ದು ಸಂಜೆ. ಗ್ಯಾರೇಜಿನ ದೀಪ ಹಾಕಿ ಬಾಗಿಲಲ್ಲೇ ನಿಂತರು. ಮಾಮ ನನ್ನ ಹಿಂದೆ ನಿಂತಿದ್ದರು.

"ಏನ್ರೀ ಇದು?"

"ಪೂಜೆ."

"ನನ್ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ದೆ."

ಅತ್ತೆ ಹತ್ತಿರ ಹೋಗಿ ತಕ್ಕಡಿಯ ಬಿಲ್ಲೆಯನ್ನು ನೋಡಿದರು, ಕಲ್ಲಿನ ಡಬ್ಬಿ ತೆರೆದು ನೋಡಿದರು. ಅವರು ದೇವರ ಮನೆಗೆ ಹೋಗುವುದೇ ಅಪರೂಪ. ಆದರೂ ಅವರ ಮುಖ ಮೆತ್ತಗಾದದ್ದನ್ನು ನಾನು ಕಂಡೆ. ಅಷ್ಟು ವರ್ಷಗಳಲ್ಲಿ ಮಾಮ ಆ ಮೇಜಿನ ಹತ್ತಿರ ಬಂದು ಮಾಡಿದ ಮೊದಲ ಕೆಲಸ ಅದು. ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡವರು ಮತ್ತೆ ಅಲ್ಲೇ ಇಟ್ಟರು.

"ಇರಲಿ ಬಿಡಿ," ಎಂದರು. "ಕಾರಿಂದು ಒರೆಸ್ತೀವಾ? ತಾನಾಗೇ ಹೋಗುತ್ತೆ."

ಶುಕ್ರವಾರ ಅತ್ತೆಗೆ ರಜೆ, ನನಗೂ ಮಧ್ಯಾಹ್ನದ ಮೇಲೆ ಬಿಡುವು. ಬೇಸಿಗೆಯಲ್ಲಿ ತುಂಬಿದ್ದ ಹೊದಿಕೆಯ ತೋಟಾಗಳೆಲ್ಲ ಮೈದಾನದಲ್ಲಿ ಗುರಿ ಸರಿಪಡಿಸುವುದಕ್ಕೇ ಮುಗಿದಿದ್ದವು. ಅದೇ ಅಳತೆಯಲ್ಲಿ ಕೆಲವನ್ನು ತುಂಬಿದರೆ ಬೆಳಗಿನ ಕತ್ತಲಲ್ಲೇ ಶ್ರಾಪ್‌ಶೈರ್‌ಗೆ ಹೊರಡಬಹುದಿತ್ತು. ಅತ್ತೆ ಕೈ ತೊಳೆದು, ಕೂದಲು ಬಿಗಿದು ಕಟ್ಟಿ ಕೂತರು. ಕೊಳವೆಗಳ ಬಾಯಿಯನ್ನು ಬೆರಳ ತುದಿಯಿಂದ ಸವರಿ ನೋಡಿದರು. ಒಂದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅದನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ ಬುಟ್ಟಿಗೆ ಹಾಕಿದರು, ಮತ್ತೆಂದೂ ತಪ್ಪಿ ಕೈಗೆ ಬರದ ಹಾಗೆ. ಅವರ ಕೈ ಅವಸರ ಮಾಡುವುದಿಲ್ಲ, ತಡವನ್ನೂ ಮಾಡುವುದಿಲ್ಲ. ನಮ್ಮ ಅಂಗಡಿಯ ಯಜಮಾನಿ ಚೆನ್ನಾಗಿ ಹೊಲಿಯುತ್ತಾರೆ, ಅವರ ಕೈಗೂ ಈ ನಡೆ ಇಲ್ಲ.

ತಕ್ಕಡಿ ಸೊನ್ನೆಗೆ ನಿಲ್ಲಲಿಲ್ಲ. ಅತ್ತೆ ಕೆಳಗಿನ ಕಾಲಿನ ತಿರುಪನ್ನು ತಿರುಗಿಸಿ ಸೊನ್ನೆಗೆ ತಂದರು. "ಮಾಮ ಜರುಗಿಸಿರಬೇಕು," ಎಂದರು. ಆಮೇಲೆ ಎಂದಿನಂತೆ ಹಿತ್ತಾಳೆ ಕಲ್ಲನ್ನು ಇಕ್ಕಳದಲ್ಲಿ ಎತ್ತಿ ತಟ್ಟೆಯಲ್ಲಿಟ್ಟು ತೂಗಿದರು. ಸರಿ ಬಂತು. ಒಂದೊಂದೇ ಕೊಳವೆಗೆ ಮದ್ದು ತೂಗಿ ಹಾಕಿ ಮುಗಿಸಿ, ಕುರ್ಚಿ ತಳ್ಳಿ ಟಾರ್ಚ್ ನನ್ನ ಕಡೆ ಚಾಚಿದರು.

ನಾನು ಬಗ್ಗಿದೆ. ಎಲ್ಲವೂ ಒಂದೇ ಮಟ್ಟದಲ್ಲಿದ್ದವು. ಒಂದು ಹೆಚ್ಚು ಒಂದು ಕಡಿಮೆ ಎನ್ನುವಂತಿರಲಿಲ್ಲ. ಆದರೂ ಹೂಂ ಎನ್ನಲು ಬಾಯಿ ಬರಲಿಲ್ಲ. ಕೊಳವೆಯ ಭುಜ ಕಿರಿದಾಗಿ ಕುತ್ತಿಗೆಯಾಗುವ ಕಡೆ ಒಳಗೊಂದು ತಿರುವಿದೆ. ಬೇಸಿಗೆಯಲ್ಲಿ ಟಾರ್ಚ್ ಬಿಟ್ಟಾಗ ಆ ತಿರುವು ಉಂಗುರದ ಹಾಗೆ ಹೊಳೆಯುತ್ತಿತ್ತು. ಈಗ ಆ ಉಂಗುರ ಒಂದರಲ್ಲೂ ಕಾಣಲಿಲ್ಲ. ಮದ್ದು ಅದನ್ನು ಮುಚ್ಚಿತ್ತು.

ಮತ್ತೆ ಮೊದಲಿನಿಂದ ನೋಡಿದೆ. ಅತ್ತೆ ಕೈ ತೊಡೆಯ ಮೇಲಿಟ್ಟು ಕೂತೇ ಇದ್ದರು.

"ಏನು?"

"ಏನಿಲ್ಲ. ಎಲ್ಲ ಒಂದೇ ಥರ ಇದೆ."

"ಮತ್ತೆ ಹೂಂ ಅನ್ಲಿಲ್ಲ ನೀನು."

"ಹೋದ ಸಲಕ್ಕಿಂತ ಮೇಲಿದೆ ಅನ್ಸುತ್ತೆ, ಅತ್ತೆ." ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. "ಅಲ್ಲೊಂದು ಉಂಗುರ ಕಾಣ್ತಿತ್ತು. ಈಗ ಕಾಣ್ತಿಲ್ಲ."

ಅತ್ತೆ ಟಾರ್ಚ್ ತೆಗೆದುಕೊಂಡು ನೋಡಿದರು. "ಹೋದ ಸಲ ಎಲ್ಲಿತ್ತು ಅಂತ ನಾನು ಗಮನಿಸಿಲ್ಲ," ಎಂದರು, ಮುಚ್ಚುಮರೆಯಿಲ್ಲದೆ. ಆಮೇಲೆ ಒಂದೊಂದಾಗಿ ಹುಡುಕಿದರು. ಡಬ್ಬಿ ಅದೇ ಮದ್ದಿನದು, ಬೇಸಿಗೆಯಲ್ಲಿ ತೆರೆದದ್ದೇ. ಕೊಳವೆಗಳೂ ಅವೇ. ಒಂದರ ಮದ್ದನ್ನು ತಟ್ಟೆಗೆ ಸುರಿದು ತೂಗಿದರು: ಸರಿಯಿತ್ತು. ಕಲ್ಲನ್ನು ತೂಗಿದರು: ಸರಿಯಿತ್ತು. ಆ ಮೇಜಿನ ಮೇಲಿದ್ದ ಎಲ್ಲವೂ ಅತ್ತೆ ಸರಿ, ನಾನು ತಪ್ಪು ಎಂದೇ ಹೇಳುತ್ತಿದ್ದವು.

"ಬೆಳಕಿನ ವ್ಯತ್ಯಾಸ ಇರ್ಬೇಕು ಅತ್ತೆ. ಆಗ ಬಾಗಿಲು ತೆಗೆದಿತ್ತು," ಎಂದೆ.

"ಇರಬಹುದು. ನೀನೀಗ ಹೂಂ ಅಂತೀಯಾ?"

ನಾನು ಇನ್ನೊಮ್ಮೆ ಬಗ್ಗಿ ನೋಡಿದೆ. ಉಂಗುರ ಇರಲಿಲ್ಲ. ತಲೆ ಅಲ್ಲಾಡಿಸಿದೆ.

ಮಾಮ ಒಳಬಾಗಿಲಲ್ಲಿ ಬಂದು ನಿಂತಿದ್ದರು. ಕಾಫಿ ಲೋಟ ಹಿಡಿದ ಕೈಯನ್ನು ಹೊಸ್ತಿಲಿನ ಆಚೆಗೇ ಇಟ್ಟುಕೊಂಡಿದ್ದರು. "ಏನು ಕಾನ್ಫರೆನ್ಸು?"

ಅತ್ತೆ ಹೇಳಿದರು.

"ಕಲ್ಲು ಸರಿ ತೋರಿಸ್ತಿದೆ ಅಂದ್ಮೇಲೆ ಮುಗೀತಲ್ಲ," ಎಂದರು ಮಾಮ. "ನಾನು ಜೀವಮಾನವೆಲ್ಲ ಅಳತೆ ಕೆಲಸ ಮಾಡಿದೋನು. ಕಣ್ಣಿಗಿಂತ ತಕ್ಕಡಿ ನಂಬು. ಅಷ್ಟು ಅನುಮಾನ ಇದ್ರೆ ಎಲ್ಲದ್ರಿಂದಲೂ ಒಂಚೂರು ಕಡಿಮೆ ಮಾಡ್ಬಿಡು."

"ಯಾವುದಕ್ಕಿಂತ ಕಡಿಮೆ?"

"ಅಂದ್ರೆ?"

"ಎಷ್ಟಿದೆ ಅಂತ ಗೊತ್ತಿದ್ರೆ ತಾನೇ ಕಡಿಮೆ ಮಾಡೋದು. ಅವಳು ಹೇಳೋದು ನಿಜ ಆದ್ರೆ ಇದರಲ್ಲಿ ಎಷ್ಟಿದೆ ಅಂತ ನಂಗೀಗ ಗೊತ್ತಿಲ್ಲ."

"ದಾಕ್ಷಾ, ನಾಳೆ ಬಿಟ್ರೆ ಬೇರೆ ದಿನ ಇಲ್ಲ. ಆ ರೈಫಲ್ ಹೋಗುತ್ತೆ. ಗೊತ್ತಿದೆ ತಾನೇ?"

"ಗೊತ್ತಿದೆ."

"ಮಗು ಕಣ್ಣಿಗೆ ಏನೋ ಕಂಡಿತು ಅಂತ..."

"ರೀ, ಅವಳು ಬೇಡ ಅಂದ್ಲು. ಬೇಡ ಅನ್ನಲಿ ಅಂತಾನೇ ಅವಳನ್ನ ಇಲ್ಲಿ ನಿಲ್ಲಿಸ್ಕೊಂಡಿರೋದು. ಹೂಂ ಅಂದಾಗ ಮಾತ್ರ ಕೇಳ್ತೀನಿ ಅಂದ್ರೆ ಅದೆಂಥ ಎರಡನೇ ಕಣ್ಣು?"

ಅಷ್ಟು ಹೇಳಿ ಅತ್ತೆ ಕೊಳವೆಗಳನ್ನು ಒಂದೊಂದಾಗಿ ಎತ್ತಿ ಮದ್ದನ್ನು ಡಬ್ಬಿಗೆ ಸುರಿದರು. ಪ್ರತಿ ಕೊಳವೆಯನ್ನೂ ಬೋರಲು ಮಾಡಿ ಬೆರಳಿನಿಂದ ತಟ್ಟಿ, ಒಳಗೆ ಇಣುಕಿ, ಹಲಗೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದರು. ಡಬ್ಬಿ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆಗೆ ಬೀಗ ಬಿತ್ತು. ತುಂಬುವಾಗ ಇದ್ದ ಅದೇ ನಿಧಾನ ಈಗಲೂ ಇತ್ತು. ಕೋಪ ಮಾಡಿಕೊಂಡ ಕೈ ಎಲ್ಲಾದರೂ ಒಂದು ಕಡೆ ಸದ್ದು ಮಾಡುತ್ತದೆ. ನಾನು ಕಿವಿಗೊಟ್ಟು ಕೇಳುತ್ತಿದ್ದೆ, ಆ ಸದ್ದು ಬರಲೇ ಇಲ್ಲ.

ಆಮೇಲೆ ಹೊರಗೆ ಹೋಗಿ ಕೀತ್‌ಗೆ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ ಹೇಳಿದ್ದು ಎರಡೇ ಮಾತು: ಮದ್ದಿನ ಅಳತೆಯ ಬಗ್ಗೆ ಅನುಮಾನ ಬಂದಿದೆ, ನಾಳೆ ಬರುವುದಿಲ್ಲ. ಆ ಕಡೆಯಿಂದ ಬೇರೆ ದಿನದ ಮಾತು ಬರಲಿಲ್ಲವೆಂದು ಅವರು ಫೋನ್ ಇಟ್ಟ ರೀತಿಯಲ್ಲೇ ಗೊತ್ತಾಯಿತು. "ಅನ್ನಕ್ಕಿಡು ನಿಹಾ," ಎಂದು ಮೇಲೆ ಹೋದರು.

ನನಗೆ ಊಟ ಸೇರಲಿಲ್ಲ. ನಾನು ತಪ್ಪಾಗಿದ್ದರೆ? ಶಾಲೆಯಲ್ಲಿ ಬಾಯಿ ಬಿಡದಿದ್ದುದಕ್ಕೆ ನನಗೆ ಏನೂ ನಷ್ಟವಾದ ಹಾಗಿರಲಿಲ್ಲ. ಇಲ್ಲಿ ಬಾಯಿ ಬಿಟ್ಟದ್ದಕ್ಕೆ ಅವರ ರೈಫಲ್ ಹೋಗುವುದರಲ್ಲಿತ್ತು. ಅತ್ತೆ ಮಾತ್ರ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಎರಡು ಸಲ ಬಡಿಸಿಕೊಂಡರು.

ಶನಿವಾರ ನಾನು ಎದ್ದು ಕೆಳಗೆ ಬಂದಾಗ ಅತ್ತೆ ಡ್ರೆಸಿಂಗ್ ಗೌನಿನಲ್ಲೇ ಗ್ಯಾರೇಜಿನಲ್ಲಿದ್ದರು. ಹೊರಗೆ ಆಗಲೇ ಬಿಸಿಲು ಬಂದಿತ್ತು. ಕಾಡಿನಲ್ಲಿ ಆ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಮೇಜಿನ ಮೇಲೆ ಹೊಸ ಪೆನ್ನಿ ನಾಣ್ಯಗಳು ಕೆಲವು ಹರಡಿದ್ದವು.

"ಬಾ ಇಲ್ಲಿ. ಪೆನ್ನಿ ಎಷ್ಟು ತೂಗ್ಬೇಕು ಅಂತ ಸರ್ಕಾರ ಗೊತ್ತು ಮಾಡಿರುತ್ತೆ. ಎಲ್ಲ ಪೆನ್ನಿನೂ ಅಷ್ಟೇ. ಇದು ನೋಡು." ನಾಣ್ಯ ತಟ್ಟೆಯಲ್ಲಿತ್ತು. ಬಿಲ್ಲೆ ಇರಬೇಕಾದ ಗೀರಿನಲ್ಲಿತ್ತು. ದಂಡ ಸಮವಾಗಿರಲಿಲ್ಲ, ಬಿಲ್ಲೆಯ ಕಡೆ ವಾಲಿತ್ತು. "ನಾಣ್ಯ ಬದಲಾಯಿಸಿದೆ. ಎಲ್ಲದೂ ಹಗುರ ಅಂತ ತೋರಿಸುತ್ತೆ. ಸರ್ಕಾರ ಮೋಸ ಮಾಡಿರಬೇಕು, ಇಲ್ಲ ಇದು."

ಇಬ್ಬರೂ ಒಟ್ಟಿಗೇ ಬಿಲ್ಲೆಯನ್ನು ನೋಡಿದೆವು. ಅದರ ಮೇಲೆ ಮಾಮ ಇಟ್ಟ ಬೊಟ್ಟು ಒಣಗಿ ಗಟ್ಟಿಯಾಗಿ ಕೂತಿತ್ತು. ಗಂಧದ ದಪ್ಪ ಪದರ, ಅದರ ನಡುವೆ ಕುಂಕುಮ, ಕುಂಕುಮಕ್ಕೆ ಅಂಟಿದ ಒಂದು ಅಕ್ಷತೆ ಕಾಳು. ಅತ್ತೆ ಡಬ್ಬಿಯಿಂದ ಕಲ್ಲು ತೆಗೆದರು. ಅದರ ಮೇಲೂ ಅಷ್ಟೇ ದಪ್ಪದ ಬೊಟ್ಟು, ಅದಕ್ಕೂ ಒಂದು ಅಕ್ಷತೆ. ಬಿಲ್ಲೆ ಎಷ್ಟು ಭಾರವಾಗಿತ್ತೋ ಕಲ್ಲೂ ಅಷ್ಟೇ ಭಾರವಾಗಿತ್ತು. ಎರಡೂ ಸೇರಿ ಒಂದೇ ಸುಳ್ಳು ಹೇಳಿದ್ದವು.

ಅತ್ತೆ ಕುರ್ಚಿಗೊರಗಿ ಕೂತರು. "ಕಣ್ಣಾರೆ ನೋಡಿದೀನಿ," ಎಂದರು. "ಬಟ್ಟೆ ಕೈಲಿತ್ತು. ಒಂದು ನೊಣ ಕೂತ್ರೂ ಓಡಿಸಿ ತೂಗೋಳು ನಾನು. ಕುಂಕುಮಕ್ಕೆ ತೂಕ ಇದೆ ಅಂತ ಹೊಳೀಲೇ ಇಲ್ಲ."

ಬೊಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ತೆಗೆದು, ತಿರುಪು ತಿರುಗಿಸಿ ಸೊನ್ನೆಗೆ ತಂದು ಮತ್ತೆ ತೂಗಿದಾಗ ಪೆನ್ನಿ ಸರಿಯಾಗಿ ನಿಂತಿತು. ಹಿಂದಿನ ದಿನ ಹಾಕಿದ್ದ ಮದ್ದು ಎಷ್ಟೆಂದು ಅತ್ತೆ ಕಾಗದದಲ್ಲಿ ಲೆಕ್ಕ ಹಾಕಿದರು. ಮದ್ದಿನ ಅಳತೆಯ ಪುಸ್ತಕ ಕೊಟ್ಟ ಮಿತಿಯನ್ನು ಅದು ಚೆನ್ನಾಗಿಯೇ ದಾಟಿತ್ತು. ಪೆನ್ನು ಕೆಳಗಿಟ್ಟು ಎದ್ದು ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

ಮಾಮನಿಗೆ ಹೇಳಿದಾಗ ಅವರು ತಿನ್ನುತ್ತಿದ್ದ ಟೋಸ್ಟ್ ತಟ್ಟೆಗೆ ಹೋಯಿತು. ಅಳತೆಯ ಇಂಜಿನಿಯರ್‌ಗೆ ವಿವರಿಸಬೇಕಾಗಿರಲಿಲ್ಲ. ಆಮೇಲಿನ ಮೂರು ವಾರ ಅವರು ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ. ತೊಳೆದ ಬಟ್ಟೆಗಳನ್ನು ಗ್ಯಾರೇಜಿನ ಡ್ರೈಯರ್‌ಗೆ ಹಾಕುವುದಕ್ಕೂ ನನ್ನನ್ನೇ ಕಳಿಸುತ್ತಿದ್ದರು. ಅತ್ತೆ ಒಮ್ಮೆಯೂ ಅವರನ್ನು ಹಂಗಿಸಲಿಲ್ಲ. "ಇಟ್ಟಿದ್ದು ಅವರು, ಬಿಟ್ಟಿದ್ದು ನಾನು," ಎಂದು ನನ್ನೊಡನೆ ಒಂದು ಸಲ ಅಂದದ್ದು ಅಷ್ಟೇ.

ನವೆಂಬರ್‌ನಲ್ಲಿ ಪೊಲೀಸ್ ಇಲಾಖೆಯಿಂದ ಶ್ಯಾರನ್ ಎಂಬ ಮಹಿಳೆ ಬಂದರು. ನೀಲಿ ಕೋಟು, ಗಂಭೀರ ಮುಖ. ಬೀರು ನೋಡಿದರು, ಬೀಗ ಎಳೆದು ನೋಡಿದರು. ಅಡುಗೆ ಮನೆಯ ಮೇಜಿಗೆ ಕೂತು ಕೇಳಿದರು: ಈ ಅವಧಿಯಲ್ಲಿ ಜಿಂಕೆಗೆ ಇದನ್ನು ಬಳಸಿದ್ದೀರಾ?

"ಇಲ್ಲ," ಎಂದರು ಅತ್ತೆ. "ಒಂದು ದಿನ ಗೊತ್ತಾಗಿತ್ತು. ಹಿಂದಿನ ದಿನ ನಾನೇ ಬಿಟ್ಟೆ."

"ಯಾಕೆ?"

ಒಲೆಯ ಹತ್ತಿರ ಟೀ ಮಾಡುತ್ತಿದ್ದ ಮಾಮ ಬೆನ್ನು ತಿರುಗಿಸಿಕೊಂಡೇ ಕನ್ನಡದಲ್ಲಿ, "ಹುಷಾರಿರ್ಲಿಲ್ಲ ಅನ್ನು, ಸಾಕು. ತೂಕ ತಪ್ಪಿತ್ತು ಅಂದ್ರೆ ಪರವಾನಗಿನೇ ಕಿತ್ಕೊಂಡು ಹೋಗ್ತಾರೆ," ಎಂದರು.

ಅತ್ತೆ ಶ್ಯಾರನ್ ಕಡೆಯೇ ನೋಡುತ್ತ, "ನನ್ನ ಗಂಡ ಸುಳ್ಳು ಹೇಳು ಅಂತಿದ್ದಾರೆ, ಕ್ಷಮಿಸಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ಪೂಜೆ, ಬಿಲ್ಲೆ, ಕಲ್ಲು, ಪೆನ್ನಿ, ಎಲ್ಲವನ್ನೂ ಬಿಡಿಸಿ ಹೇಳಿದರು. ಮಾಮ ಕೆಟಲ್ ಹಿಡಿದು ಹಾಗೇ ನಿಂತಿದ್ದರು. ಜಿಂಕೆಗೆಂದು ಸಿಕ್ಕಿದ್ದ ಒಂದು ದಿನ ಹೋಗಿತ್ತು. ಈಗ ಇದ್ದ ಒಂದು ಪರವಾನಗಿಯನ್ನೂ ಅತ್ತೆ ತಾವಾಗಿಯೇ ಮೇಜಿನ ಮೇಲೆ ತೆಗೆದಿಟ್ಟಿದ್ದರು.

ಶ್ಯಾರನ್ ಪೆನ್ನು ಕೆಳಗಿಟ್ಟರು. "ಮದ್ದನ್ನು ವಾಪಸು ಸುರಿದದ್ದು ಕಾರಣ ಗೊತ್ತಾದ ಮೇಲೋ, ಮೊದಲೋ?"

"ಮೊದಲು."

"ತಕ್ಕಡಿ ಸರಿ ಎನ್ನುತ್ತಿದ್ದಾಗ?"

"ಹೌದು. ಇವಳು ಬೇಡ ಅಂದಿದ್ದಳು."

ಶ್ಯಾರನ್ ನನ್ನ ಕಡೆ ತಿರುಗಿದರು. ನಾನು ಟೀ ಕಪ್ಪುಗಳನ್ನು ನೋಡಿದೆ. ಅವರು ನನ್ನನ್ನು ಏನೂ ಕೇಳಲಿಲ್ಲ, ಅದಕ್ಕೆ ಈಗಲೂ ಋಣಿ. "ಆ ತಕ್ಕಡಿ ತೋರಿಸಿ," ಎಂದು ಎದ್ದರು. ಗ್ಯಾರೇಜಿನಲ್ಲಿ ಪೆನ್ನಿ ಇಟ್ಟು ತಾವೇ ತೂಗಿ ನೋಡಿದರು. ಹೊರಡುವಾಗ ಬಾಗಿಲಲ್ಲಿ, ಅತ್ತೆ ಈ ರೈಫಲ್ ಉಳಿಸಿಕೊಳ್ಳಲು ತಾನು ಅಡ್ಡಿ ಬರೆಯುವುದಿಲ್ಲ, ಆದರೆ ಇನ್ನಾದರೂ ಒಂದು ರಜೆ ಹಾಕಿ ಕಾಡಿಗೆ ಹೋಗಿ ಎಂದರು. ನಗಲಿಲ್ಲ.

ಹೊಸ ಪರವಾನಗಿ ಬಂದ ದಿನ ಅತ್ತೆ ರೈಫಲ್ಲನ್ನು ಎಣ್ಣೆ ಹಾಕಲು ಹೊರತೆಗೆದರು. ಹಿಂದಿನ ಕೊಂಡಿ ಬಿಚ್ಚಿ ಪಕ್ಕಕ್ಕಿಟ್ಟು, ನಳಿಗೆಯಲ್ಲಿ ಬಟ್ಟೆ ಎಳೆದು, ಒಳಬಾಗಿಲ ಕಡೆ ನೋಡಿ ಕರೆದರು.

"ರೀ, ಬನ್ನಿ ಇಲ್ಲಿ."

"ನಾನ್ಯಾಕೆ ಈಗ? ಅಲ್ಲಿಂದಲೇ ಹೇಳು."

"ಬನ್ನಿ ಅಂದೆ."

ಮಾಮ ಚಪ್ಪಲಿ ಹೊರಗೆ ಬಿಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು ಬಂದರು. ಅತ್ತೆ ರೈಫಲ್ಲನ್ನು ತಾವೇ ಹಿಡಿದು, ನಳಿಗೆಯ ಬಾಯಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹಿಂಬದಿಯಿಂದ ನೋಡುವಂತೆ ಅವರಿಗೆ ಜಾಗ ಮಾಡಿಕೊಟ್ಟರು. ಮಾಮ ಬಗ್ಗಿ ಒಂದು ಕಣ್ಣು ಮುಚ್ಚಿದರು.

"ಏನು ಕಾಣ್ಸುತ್ತೆ?"

ಮಾಮ ಕಣ್ಣು ಬದಲಾಯಿಸಿ ಮತ್ತೆ ನೋಡಿದರು.

"ಒಳಗೆ ಗೀರುಗಳು ಸುತ್ತಿಕೊಂಡು ಹೋಗಿವೆ ಕಣೆ," ಎಂದರು ಕೊನೆಗೆ. "ಉದ್ದಕ್ಕೂ ಒಂದೇ ಸಮ. ಕೈಯಲ್ಲಿ ಕೊರೆದಿದಾರಾ ಇದನ್ನ?"

"ಆ ಕಾಲದ್ದು. ಇರಬಹುದು."

"ನಿಹಾ, ನೀನು ನೋಡಿದೀಯಾ?" ಎಂದು ಮಾಮ ಕಣ್ಣು ತೆಗೆಯದೆ ಕೇಳಿದರು. ನೋಡಿದ್ದೇನೆ ಎಂದೆ. ಅವರು ಹಾಗಿದ್ದರೂ ಜಾಗ ಬಿಡಲಿಲ್ಲ. ಅತ್ತೆ ತೋಳು ನೋಯುತ್ತಿದ್ದರೂ ನಳಿಗೆಯನ್ನು ಬೆಳಕಿಗೆ ಸಮವಾಗಿ ಹಿಡಿದೇ ಇದ್ದರು.